ಮಾವನ ನಾಡಿ, ಟ್ರೆಡ್‌ಮಿಲ್‌ನ ಅಂಕಿ

19 ಜನವರಿ 2025, ಭಾನುವಾರ
ಸರಸ್ವತಿಪುರಂ, ಮೈಸೂರು

ಇವತ್ತು ಬೆಳಿಗ್ಗೆ ಮಾವ ಮತ್ತೆ ನಡೆದರು. ಒಂಬತ್ತು ದಿನ ಆಗಿತ್ತು ನಿಲ್ಲಿಸಿ. ಈ ವಾರ ಮನೆಯಲ್ಲಿ ನಡೆದದ್ದನ್ನೆಲ್ಲ ಮರೆಯುವ ಮುಂಚೆ ಬರೆದಿಡಬೇಕು ಅಂತ ಈಗ ಕೂತಿದ್ದೇನೆ. ಹೃದಯದ ಚಿಕಿತ್ಸೆ ಆದವರು ಮನೆಯಲ್ಲೇ ಟ್ರೆಡ್‌ಮಿಲ್ ಮೇಲೆ ನಡೆಯುತ್ತಿದ್ದರೆ, ಅವರ ಮಕ್ಕಳು ಸೊಸೆಯಂದಿರಿಗೆ ಇದು ಬೇಕಾಗಬಹುದು.

ಮಾವನಿಗೆ 68. ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಸೆಪ್ಟೆಂಬರಿನಲ್ಲಿ ಎರಡು ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು ದಿನಾ ಅರ್ಧ ಗಂಟೆ ನಡೆಯಲು ಹೇಳಿದ್ದರು. ಬೀದಿಯಲ್ಲಿ ನಾಯಿ, ಬೈಕಿನ ಕಾಟ ಅಂತ ಇವರು, ಅಂದರೆ ನನ್ನ ಗಂಡ, ಟ್ರೆಡ್‌ಮಿಲ್ ತಂದರು. ಹಿಡಿಗಳ ಮೇಲೆ ಅಂಗೈ ಇಟ್ಟರೆ ಪರದೆಯಲ್ಲಿ ಎದೆಬಡಿತದ ಅಂಕಿ ಬರುತ್ತದೆ. ಮಾವ ಅದನ್ನು ನಡೆದ ನಿಮಿಷದ ಜೊತೆ ದಿನಾ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು, ಮೀಟರ್ ರೀಡಿಂಗ್ ಬರೆದಂತೆ.

ಸಂಕ್ರಾಂತಿ ದಿನ ಎಳ್ಳು ಬೀರಲು ಪೊಟ್ಟಣ ಕಟ್ಟುವಾಗ ಅತ್ತೆ ಮೆಲ್ಲಗೆ ಹೇಳಿದರು: "ನಿಮ್ಮ ಮಾವ ನಾಲ್ಕು ದಿನದಿಂದ ನಡೀತಿಲ್ಲ ಕಣೇ. ಕೇಳಿದ್ರೆ ಕಾಲು ನೋವು ಅಂತಾರೆ." ನೋಟ್‌ಬುಕ್ ತೆಗೆದು ನೋಡಿದೆ. 10ನೇ ತಾರೀಕು ಶುಕ್ರವಾರದ ಎದುರಿಗೆ 165 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಆಮೇಲೆ ಖಾಲಿ.

ಕೂರಿಸಿಕೊಂಡು ಕೇಳಿದ ಮೇಲೆ ಬಾಯಿಬಿಟ್ಟರು. ಅವತ್ತು ವೈಕುಂಠ ಏಕಾದಶಿ, ಉಪವಾಸ ಇದ್ದರು. ಐದು ನಿಮಿಷ ನಡೆದಿದ್ದಾರೆ, ಪರದೆಯಲ್ಲಿ 140, 158, 165 ಅಂತ ಏರಿದೆ. ಎದೆಯಲ್ಲಿ ನೋವಿಲ್ಲ, ಉಸಿರು ಕಟ್ಟಿಲ್ಲ, ಆದರೂ ಅಂಕಿ ಇಳಿಯುತ್ತಿಲ್ಲ. ಇಳಿದು ಬಂದು ಸುಮ್ಮನೆ ಮಲಗಿದ್ದಾರೆ. ಯಾರಿಗೂ ಹೇಳಿಲ್ಲ. "ಹಬ್ಬದ ಮನೇಲಿ ನಿಮಗೆಲ್ಲ ಯಾಕಮ್ಮ ಗಾಬರಿ" ಅಂದರು. ಆ ಮಾತು ಕೇಳಿ ನನಗೆ ಅಳು ಬಂತು. ನಾಲ್ಕು ರಾತ್ರಿ ಒಬ್ಬರೇ ಆ ಅಂಕಿಯನ್ನು ಹೊತ್ತು ಮಲಗಿದ್ದರು.

ಮೆಷಿನ್ ಕಡೆ ತಿರುಗುವ ಮೊದಲು ಮನುಷ್ಯನನ್ನು ನೋಡಬೇಕು. ಗುರುವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಇಸಿಜಿ ತೆಗೆದರು, ಹಿಂದಿನದರ ಪಕ್ಕ ಇಟ್ಟು ನೋಡಿ ಏನೂ ಬದಲಾಗಿಲ್ಲ ಅಂದರು. ನಾಡಿ 72. ಅಲ್ಲೇ ಇನ್ನೊಂದು ವಿಷಯ ಹೊರಗೆ ಬಂತು. ಟ್ರೆಡ್‌ಮಿಲ್ ಪರದೆಯ ಪಕ್ಕ ವಯಸ್ಸಿಗೆ ತಕ್ಕ ಎದೆಬಡಿತ ಅಂತ ಒಂದು ಬಣ್ಣದ ಪಟ್ಟಿ ಇದೆ. 220ರಲ್ಲಿ ವಯಸ್ಸು ಕಳೆದರೆ ಸಿಗುವುದು ಗರಿಷ್ಠ ಎದೆಬಡಿತ, ಮಾವನಿಗೆ 152, ಅದರಲ್ಲಿ ಶೇಕಡಾ ಇಷ್ಟರಿಂದ ಇಷ್ಟು ಅಂತ. ಡಿಸೆಂಬರಿನಲ್ಲಿ ಮಾವನ ಅಂಕಿ ಆ ಹಸಿರು ಬಣ್ಣದವರೆಗೆ ಏರುತ್ತಿರಲಿಲ್ಲವಂತೆ, ಅದಕ್ಕೆ ವೇಗ ಹೆಚ್ಚಿಸುತ್ತಾ ಹೋಗಿದ್ದಾರೆ! ಡಾಕ್ಟರು ತಲೆ ಅಲ್ಲಾಡಿಸಿದರು. ಮಾವ ತೆಗೆದುಕೊಳ್ಳುತ್ತಿರುವ ಮೆಟೊಪ್ರೊಲಾಲ್ ಮಾತ್ರೆಯ ಕೆಲಸವೇ ಎದೆಬಡಿತ ಏರದಂತೆ ಹಿಡಿದಿಡುವುದು. ಆ ಮಾತ್ರೆ ನುಂಗುವವರಿಗೆ ಈ ಪಟ್ಟಿ ಲೆಕ್ಕಕ್ಕಿಲ್ಲ. "ನಡೆಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ವೇಗ ಸಾಕು" ಅಂದರು. 220ರ ಲೆಕ್ಕ 1971ರಲ್ಲಿ ಅಮೆರಿಕದ ವೈದ್ಯ ಫಾಕ್ಸ್ ಮತ್ತು ಸಂಗಡಿಗರು ಆಗ ಕೈಗೆ ಸಿಕ್ಕ ಅಧ್ಯಯನಗಳ ಮೇಲೆ ಅಂದಾಜಿಗೆ ಎಳೆದ ಗೆರೆ. ಮಾತ್ರೆ ನುಂಗದ ಆರೋಗ್ಯವಂತರಲ್ಲೂ ಇದು ಒಬ್ಬೊಬ್ಬರಿಗೆ ಹತ್ತು, ಹದಿನೈದು ಬಡಿತ ಆಚೀಚೆ ಆಗುತ್ತದೆ. ಅಂಥದ್ದನ್ನು ಪ್ರತಿ ಮೆಷಿನ್ ಮೇಲೂ ಅಚ್ಚು ಹಾಕಿ, ಯಾವ ಮಾತ್ರೆ ತಗೊಳ್ಳುತ್ತೀರಿ ಅಂತ ಕೇಳುವ ಒಂದು ಸಾಲನ್ನೂ ಪಕ್ಕದಲ್ಲಿ ಬರೆಯದಿರುವುದು ದೊಡ್ಡ ತಪ್ಪು ಅಂತ ನನಗೆ ಅನಿಸುತ್ತದೆ.

ಸರಿ, 165 ಎಲ್ಲಿಂದ ಬಂತು? ಸರ್ವೀಸ್ ನಂಬರಿಗೆ ಫೋನ್ ಮಾಡಿದರೆ ಆ ಹುಡುಗ ಪೂರ್ತಿ ಕೇಳುವ ಮುಂಚೆಯೇ ಕನ್ಸೋಲ್, ಅಂದರೆ ಪರದೆ ಇರುವ ಭಾಗವನ್ನೇ, ಬದಲಾಯಿಸಬೇಕು ಅಂದ. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು, ಮಾವ ಮೂವತ್ತೈದು ವರ್ಷ ಕರೆಂಟಿನ ಜೊತೆ ಬದುಕಿದವರು. ನಾವೇ ನೋಡೋಣ ಅಂದೆವು.

ಗುರುವಾರ ಸಂಜೆ ಮೊದಲು ನಾನು ಹತ್ತಿದೆ. ಇನ್ನೊಂದು ಹೃದಯ ಇಟ್ಟು ನೋಡುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಮೋಟರ್ ನಿಲ್ಲಿಸಿ ಹಿಡಿದಾಗ 81. ಬೆಲ್ಟ್ ಓಡಿಸಿ, ಪಕ್ಕದ ಅಂಚುಗಳ ಮೇಲೆ ಅಲ್ಲಾಡದೆ ನಿಂತು ಹಿಡಿದೆ: 118, 143, 137. ನಾನು ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ಮಾವ ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡಿ ಎಣಿಸಿದರು, 80. ಅವರ ಮುಖ ಆ ಕ್ಷಣದಲ್ಲೇ ಸಡಿಲಾಯಿತು. ತಪ್ಪು ಅವರ ಎದೆಯೊಳಗೆ ಇರಲಿಲ್ಲ.

ಹೀಗೆ ಎಣಿಸುವುದನ್ನು ಮನೆಯವರೆಲ್ಲ ಕಲಿಯಬೇಕು. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಅಂಚಿನಲ್ಲಿ ತೋರುಬೆರಳು, ನಡುಬೆರಳು ಇಡಬೇಕು. ಹೆಬ್ಬೆರಳಿಟ್ಟು ನೋಡಬಾರದು, ಅದರೊಳಗೇ ಒಂದು ನಾಡಿ ಇದೆ, ನಮ್ಮದನ್ನೇ ಎಣಿಸಿಬಿಡುತ್ತೇವೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಆಯಿತು.

ರಾತ್ರಿ ನನ್ನ ತಮ್ಮ ಬಂದ. ಅವನು ಓಡುವವನು, ಎದೆಬಡಿತ ಅಳೆಯಲು ಎದೆಗೆ ಕಟ್ಟುವ ಬೆಲ್ಟ್ ತಂದಿದ್ದ. ನಾನು ಅದನ್ನು ಕಟ್ಟಿಕೊಂಡರೆ ಟ್ರೆಡ್‌ಮಿಲ್‌ಗೆ ಏನೂ ಗೊತ್ತಾಗಲಿಲ್ಲ. ನಮ್ಮ ಮೆಷಿನ್ ಕೇಳಿಸಿಕೊಳ್ಳುವುದು 5 ಕಿಲೋಹರ್ಟ್ಸ್‌ನ ಸಂಕೇತ ಕಳಿಸುವ ಹಳೇ ಬಗೆಯ ಬೆಲ್ಟನ್ನು ಮಾತ್ರ, ಅದೂ ಒಂದು ಮೀಟರಿನಷ್ಟು ಹತ್ತಿರ ಇದ್ದರೆ. ತಮ್ಮನದು ಬ್ಲೂಟೂತ್. ಎರಡಕ್ಕೂ ಭಾಷೆ ಬೇರೆ. ಆದರೆ ಅವನ ಫೋನಿನಲ್ಲಿ ಅಂಕಿ ನೋಡಬಹುದಿತ್ತು, ನಮಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಯಿತು. ಮೊದಲು ಅದೂ ಬರಲಿಲ್ಲ. ತಮ್ಮ ಬೆಲ್ಟ್ ಬಿಚ್ಚಿಸಿ ಒಳಗಿನ ರಬ್ಬರ್ ಪಟ್ಟಿಗಳನ್ನು ನಲ್ಲಿ ಕೆಳಗೆ ಹಿಡಿದು ಒದ್ದೆ ಮಾಡಿ ಕೊಟ್ಟ, ಕೂಡಲೇ ಬಂತು. ಒಣಚರ್ಮದ ಮೇಲೆ ಅದು ಕೆಲಸ ಮಾಡುವುದಿಲ್ಲ. ಫೋನಿನಲ್ಲಿ 78, ಅದೇ ಹೊತ್ತಿಗೆ ಟ್ರೆಡ್‌ಮಿಲ್ ಪರದೆಯಲ್ಲಿ 146.

ಒದ್ದೆ ಅಂದಾಗ ಮಾವನಿಗೆ ಐಂಥೋವನ್ ಕಥೆ ಹೇಳಿದೆ. ನೆದರ್‌ಲ್ಯಾಂಡ್ಸ್‌ನ ಲೈಡನ್ ಊರಿನ ವಿಲೆಮ್ ಐಂಥೋವನ್, ಇಸಿಜಿಯನ್ನು ಬಳಕೆಗೆ ತಂದವರು, 1924ರಲ್ಲಿ ನೊಬೆಲ್ ಪಡೆದವರು. ಅವರ ಕಾಲದಲ್ಲಿ ಎದೆಗೆ ಅಂಟಿಸುವ ಪ್ಯಾಚ್ ಇರಲಿಲ್ಲ. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರುತ್ತಿದ್ದರು. ಬಲಗೈಗೂ ಎಡಗೈಗೂ ನಡುವೆ ಅಳೆಯುವುದನ್ನು ಇವತ್ತಿಗೂ ಲೀಡ್ ಒಂದು ಅನ್ನುತ್ತಾರೆ. ನಮ್ಮ ಟ್ರೆಡ್‌ಮಿಲ್‌ನ ಹಿಡಿಗಳು ಅಳೆಯುವುದೂ ಅದನ್ನೇ. ಅದಕ್ಕೇ ಒಂದು ಕೈ ಇಟ್ಟರೆ ಅಂಕಿ ಬರುವುದಿಲ್ಲ. 1905ರಲ್ಲಿ ಐಂಥೋವನ್ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯಲ್ಲಿ ಎದೆಬಡಿತ ತರಿಸಿಕೊಂಡರು ಅಂದಾಗ ಮಾವ ಎದ್ದು ಕೂತರು. "ಲೈನ್ ಎಳೆದವರು ಯಾರೋ, ಪುಣ್ಯಾತ್ಮರು" ಅಂದರು.

ಎರಡು ಕೈಗಳ ನಡುವೆ ಹೃದಯ ಕೊಡುವ ಸಂಕೇತ ಹೆಚ್ಚೆಂದರೆ ಒಂದು ಮಿಲಿವೋಲ್ಟ್. ಅದೇ ಚೌಕಟ್ಟಿನೊಳಗೆ 230 ವೋಲ್ಟಿನ ಮೋಟರ್ ಕಂಟ್ರೋಲರ್ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕಡಿದು ಕೊಡುತ್ತಿರುತ್ತದೆ. ಆ ಗದ್ದಲದಲ್ಲಿ ಈ ಪಿಸುಮಾತು ಕೇಳಬೇಕು. ಆದರೆ ನವೆಂಬರಿನಲ್ಲಿ ಕೇಳುತ್ತಿತ್ತಲ್ಲ?

ಶುಕ್ರವಾರ ಬೆಳಿಗ್ಗೆ ಕಾಫಿ ಕುಡಿಯುವಾಗ ಅತ್ತೆ ಅಂದರು, "ಮೇಲಕ್ಕೆ ಹಾಕಿಸಿದ ಮೇಲೆ ಅದನ್ನ ಒರೆಸೋಕೆ ಹೋದ್ರೆ ಕೈ ಜುಮ್ ಅನ್ನುತ್ತೆ. ಅವತ್ತೇ ಹೇಳಿದ್ದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ." ಮಾವ ಲೋಟ ಕೆಳಗಿಟ್ಟರು. ಹೌದು, ಅವತ್ತೇ ಹೇಳಿದ್ದರು. ಚಳಿಗಾಲ, ಸ್ಟ್ಯಾಟಿಕ್ ಇರಬೇಕು ಅಂತ ನಾನೇ ಹೇಳಿ ಮುಗಿಸಿದ್ದೆ. ಫಿಸಿಕ್ಸ್ ಓದಿದ ನಾನು ಅವರ ಮಾತನ್ನು ಹಾಗೆ ತಳ್ಳಿಹಾಕಬಾರದಿತ್ತು. ಅವರಿಗೆ ಅಲ್ಲೇ ಹೇಳಿದೆ.

ಹಬ್ಬಕ್ಕೆ ನೆಂಟರು ಬರುತ್ತಾರೆ ಅಂತ ಜನವರಿ ಮೊದಲ ವಾರ ಟ್ರೆಡ್‌ಮಿಲ್ಲನ್ನು ಹಾಲ್‌ನಿಂದ ಮೇಲಿನ ಕೋಣೆಗೆ ಹಾಕಿಸಿದ್ದೆವು. ಅಲ್ಲಿ ಇದ್ದದ್ದು ಹಳೇ ಐದು ಆಂಪಿನ ಪಾಯಿಂಟ್. ದಪ್ಪ ಪಿನ್ನಿನ ಪ್ಲಗ್ ಹೋಗುವುದಿಲ್ಲ ಅಂತ ಇವರು ಕನ್ವರ್ಟರ್ ಹಾಕಿದ್ದರು. "ಎರಡು ಎಚ್‌ಪಿ ಮೋಟರಿಗೆ ಐದಾಂಪ್ ಪಾಯಿಂಟೇನೋ?" ಅಂತ ಮಾವ ಮಗನಿಗೆ ಜೋರು ಮಾಡಿದ್ದು ಬೀದಿಗೆ ಕೇಳಿಸಿರಬೇಕು. ಎಷ್ಟೋ ದಿನದ ಮೇಲೆ ಅವರ ಹಳೇ ದನಿ ಕೇಳಿ ನನಗೆ ಸಂತೋಷವಾಯಿತು. ಟೆಸ್ಟ್ ಲ್ಯಾಂಪ್ ತಂದರು. ಫೇಸ್‌ಗೂ ನ್ಯೂಟ್ರಲ್‌ಗೂ ಬಲ್ಬ್ ಉರಿಯಿತು, ಫೇಸ್‌ಗೂ ಅರ್ತ್‌ಗೂ ಉರಿಯಲಿಲ್ಲ. ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದರೆ ಮೂರನೇ ತೂತಿನ ಹಿಂದೆ ತಂತಿಯೇ ಇಲ್ಲ. ಮನೆ ಕಟ್ಟಿದವರು ಅಲ್ಲಿವರೆಗೆ ಅರ್ತ್ ಎಳೆದೇ ಇರಲಿಲ್ಲ.

ಇಂಥ ಮೆಷಿನ್‌ಗಳ ಒಳಗೆ ಫಿಲ್ಟರ್ ಕೆಪಾಸಿಟರ್‌ಗಳಿರುತ್ತವೆ. ಮೋಟರಿನ ಗದ್ದಲವನ್ನು ಅವು ಅರ್ತ್‌ಗೆ ಇಳಿಸಬೇಕು. ಅರ್ತ್ ಇಲ್ಲದಿದ್ದರೆ ಅವೇ ಇಡೀ ಚೌಕಟ್ಟನ್ನು ಮೇನ್ಸ್‌ನ ಸುಮಾರು ಅರ್ಧ ವೋಲ್ಟೇಜಿಗೆ ಏರಿಸುತ್ತವೆ. ಸೋರುವ ಕರೆಂಟು ತೀರಾ ಕಡಿಮೆ, ಹಾಗಾಗಿ ಜುಮ್ ಅನ್ನುತ್ತದೆ ಅಷ್ಟೇ. ಆದರೆ ಹಿಡಿಗಳ ಸಂಕೇತ ಅದರಲ್ಲಿ ಮುಳುಗಿಹೋಗುತ್ತದೆ, ಪರದೆ ಸಿಕ್ಕಿದ ಏರಿಳಿತವನ್ನೆಲ್ಲ ಬಡಿತ ಅಂತ ಎಣಿಸುತ್ತದೆ. ಅಂಕಿ ತಪ್ಪಾದದ್ದು ಸಣ್ಣ ವಿಷಯ. ಒಳಗೆ ಎಲ್ಲಾದರೂ ಒಂದು ತಂತಿಯ ಹೊದಿಕೆ ಸವೆದು ಚೌಕಟ್ಟಿಗೆ ತಾಗಿದ್ದರೆ, ಎರಡೂ ಕೈಯಲ್ಲಿ ಲೋಹದ ಪಟ್ಟಿ ಹಿಡಿದು ನಿಂತಿರುವ ಹೃದಯದ ರೋಗಿಯ ಗತಿ? ಜುಮ್ ಅಂದರೆ ಪ್ಲಗ್ ಕಿತ್ತು ಮೊದಲು ಅರ್ತ್ ನೋಡಿಸಿ. ದಯವಿಟ್ಟು.

ಮಾವ ತಮ್ಮ ಮೂರು ಎಳೆಯ ದಪ್ಪ ಕೇಬಲ್ಲನ್ನು ಹಾಲ್‌ನ ಹದಿನಾರು ಆಂಪ್ ಪಾಯಿಂಟಿನಿಂದ ಮೆಟ್ಟಿಲ ಮೇಲೆ ಎಳೆದರು. ಬೆಲ್ಟ್ ಓಡಿಸಿ ನಾನು ಹಿಡಿದೆ: 84. ಫೋನಿನಲ್ಲಿ 83. ಎಲ್ಲರೂ ಕೂಗಿದೆವು. ಮಾವ ಹಿಡಿದರು. ಅಂಕಿಯೇ ಇಲ್ಲ! ಎರಡು ಅಡ್ಡಗೆರೆ.

ಮತ್ತೆ ಎಲ್ಲರೂ ಮೌನ. ಹಿಡಿಗಳೊಳಗಿನ ತಂತಿ ಇರಬಹುದಾ ಅಂತ ಪ್ಲಗ್ ತೆಗೆದು, ಕಂಬದ ಬುಡದ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟು ನೋಡಿದೆ, ನಾಲ್ಕು ತಂತಿಯೂ ಸರಿ ಇದ್ದವು. ನನಗೆ ಬರುವುದು ಅವರಿಗೆ ಯಾಕೆ ಬರುತ್ತಿಲ್ಲ? ಅವರ ಕೈ ನೋಡಿದೆ. ಪುಷ್ಯದ ಚಳಿಗೆ ಅಂಗೈ ಬಿರಿದು, ಬೆಳಿಗ್ಗೆ ಎದ್ದ ಕೂಡಲೇ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದರು. ಎಣ್ಣೆ ತನ್ನ ಮೂಲಕ ಕರೆಂಟು ಹರಿಯಲು ಬಿಡುವುದಿಲ್ಲ, ಟ್ರಾನ್ಸ್‌ಫಾರ್ಮರ್‌ಗೆ ಎಣ್ಣೆ ತುಂಬಿಸಿದವರಿಗೆ ಅದನ್ನು ನಾನು ಹೇಳಬೇಕಾಗಲಿಲ್ಲ. ಸೋಪು ಹಾಕಿ ಕೈ ತೊಳೆದು ಬಂದರು. ಹಿಡಿಯ ಪಟ್ಟಿಗಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಬರೀ ನೀರು ಸಾಕು, ಉಪ್ಪುನೀರು ಹಾಕಿದರೆ ಪಟ್ಟಿ ತುಕ್ಕು ಹಿಡಿಯುತ್ತದೆ. ಹತ್ತು ಸೆಕೆಂಡಿಗೆ 76 ಬಂತು.

ಎರಡು ತೊಂದರೆ ಒಂದೇ ವಾರದಲ್ಲಿ ಒಂದರ ಮೇಲೊಂದು ಬಂದು ಕೂತಿದ್ದವು. ಒಂದನ್ನು ಸರಿಮಾಡಿ ಅಂಕಿ ಬರದೇ ಇದ್ದಾಗ, ಅರ್ತ್ ಕಾರಣವೇ ಅಲ್ಲವೇನೋ ಅಂತ ಅದನ್ನೂ ಬಿಟ್ಟುಬಿಡುವುದರಲ್ಲಿದ್ದೆವು.

ಇನ್ನೂ ಒಂದು ಸಣ್ಣದು ಉಳಿದಿತ್ತು. ನಡೆಯುತ್ತಾ ಹಿಡಿದರೆ ಅವರ ಅಂಕಿ ಈಗಲೂ ಕುಣಿಯುತ್ತಿತ್ತು. ಅವರದು ಕಂಬ ಹತ್ತಿದ ಹಿಡಿತ, ಗಟ್ಟಿಯಾಗಿ ಅಮುಕುತ್ತಾರೆ. ಮುಂಗೈ ಸ್ನಾಯು ಬಿಗಿದಾಗ ಅದೂ ವಿದ್ಯುತ್ ಸಂಕೇತ ಹೊರಡಿಸುತ್ತದೆ. ಹಾಗಾಗಿ ನಡೆಯುವಾಗ ಅಂಕಿ ನೋಡುವುದು ಬೇಡ ಅಂತ ನಿಶ್ಚಯ ಮಾಡಿದೆವು. ವೇಗ ಇಳಿಸಿ, ಬೆಲ್ಟ್ ನಿಂತ ಕೂಡಲೇ ಹೂವು ಹಿಡಿದಷ್ಟು ಮೆತ್ತಗೆ ಎರಡೂ ಕೈ ಇಟ್ಟು ನೋಡುವುದು. ತಡಮಾಡಿದರೆ ಬಡಿತ ಇಳಿದುಬಿಡುತ್ತದೆ.

ನಿನ್ನೆ ಎಲೆಕ್ಟ್ರಿಷಿಯನ್ ಬಂದು ಮೇನ್ ಬೋರ್ಡಿನಿಂದ ಮೇಲಿನ ಕೋಣೆಗೆ 4 ಸ್ಕ್ವೇರ್ (ಚದರ ಮಿಲಿಮೀಟರ್) ದಪ್ಪದ ತಂತಿ, ಜೊತೆಗೆ ಹಸಿರು ಅರ್ತ್ ತಂತಿ ಎಳೆದು ಹದಿನಾರು ಆಂಪ್ ಪಾಯಿಂಟ್ ಹಾಕಿದ. ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿಯನ್ನೂ ಹಾಕಿಸಿದೆವು. ಮಾವ ಅವನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಪ್ರತಿ ಸ್ಕ್ರೂ ತಿರುಗಿಸಿದ್ದನ್ನೂ ನೋಡಿದರು. ಸಂಜೆ ಹಿತ್ತಲಲ್ಲಿ ದಾಸವಾಳದ ಪಕ್ಕದ ಅರ್ತ್ ಗುಂಡಿಗೆ ಎರಡು ಬಕೆಟ್ ನೀರು ಸುರಿದು ಬಂದರು.

ಇವತ್ತು ನಡೆಯುವಾಗ ನಾನು ಬಾಗಿಲ ಹತ್ತಿರ ನಿಂತು ಮಾತಾಡಿಸುತ್ತಲೇ ಇದ್ದೆ. ಮೊದಲ ಐದು ನಿಮಿಷ ಅವರ ಕಣ್ಣು ಪರದೆಯ ಆ ಮೂಲೆಗೇ ಹೋಗುತ್ತಿತ್ತು. ಆಮೇಲೆ ಯಾವುದೋ ಮಳೆಗಾಲದಲ್ಲಿ ಹುಣಸೂರು ಕಡೆ ಲೈನ್ ಬಿದ್ದಿದ್ದ ಕಥೆ ಶುರುಮಾಡಿದರು. ಕಥೆ ಮುಗಿಯುವ ಹೊತ್ತಿಗೆ ಹಣೆಯಲ್ಲಿ ಬೆವರಿತ್ತು, ಮಾತು ತಡೆಯಿಲ್ಲದೆ ಬರುತ್ತಿತ್ತು. ಅತ್ತೆ ಬಟ್ಟೆ ಹಿಡಿದು ಬಂದು, ಮೆಷಿನ್ ನಿಂತ ಮೇಲೆ ಚೌಕಟ್ಟಿಗೆ ಮುಂಗೈ ತಾಗಿಸಿ ನೋಡಿದರು. "ಇಲ್ಲ" ಅಂತ ಒರೆಸತೊಡಗಿದರು.

ನೋಟ್‌ಬುಕ್ಕಿನಲ್ಲಿ ಮಾವ ಸ್ಕೇಲ್ ಇಟ್ಟು ಹೊಸದೊಂದು ಕಾಲಂ ಎಳೆದಿದ್ದಾರೆ. ಇವತ್ತಿನ ಸಾಲು ಹೀಗಿದೆ: 19-1-25, 22 ನಿಮಿಷ, ವೇಗ 4, ಕೈ 92, ಮೆಷಿನ್ 94.