ಓಮ್ನಿಯ ಕೆಂಪು ದೀಪ

"ಆ ಬಲ್ಬೇ ಕಿತ್ತು ಬಿಸಾಕು ಮಾರಾಯ, ತಲೆನೋವು ಮುಗೀತದೆ" ಎಂದರು ಚಿಕ್ಕಪ್ಪ.

ಆಲ್ದೂರಿನಿಂದ ಚಿಕ್ಕಮಗಳೂರಿಗೆ ಬರುತ್ತಿದ್ದೆವು. ಜುಲೈ ಮಳೆ. ಹಿಂದೆ ಎರಡು ಮೂಟೆ ಕಾಳುಮೆಣಸು. ನಮ್ಮ 1998ರ ಓಮ್ನಿಯಲ್ಲಿ ಎಣ್ಣೆ ಕ್ಯಾನಿನ ಚಿತ್ರದ ಕೆಂಪು ದೀಪ, ಅಂದರೆ ಎಂಜಿನ್ನಿನ ಆಯಿಲ್ ಒತ್ತಡ ಇಲ್ಲ ಅಂತ ಎಚ್ಚರಿಸುವ ದೀಪ, ಹತ್ತಿಕೊಂಡು ಕೂತಿತ್ತು.

ಒಂದು ತಿಂಗಳಿಂದ ಇದೇ ಕಥೆ. ಗುಂಡಿಗೆ ಇಳಿದಾಗ ಮಿಣಕ್ ಅಂದು ಆರುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಈ ದೀಪ ಹತ್ತಿಸುವ ಆಯಿಲ್ ಸ್ವಿಚ್ ಬದಲಾಯಿಸಿದರು. ಆಮೇಲೂ ಮಿಣುಕಿತು. "ಆಯಿಲ್ ಪಂಪ್ ಹೋಗಿದೆ, ಎಂಜಿನ್ ಇಳಿಸಬೇಕು, 18 ಸಾವಿರ" ಎಂದರು. ನೋಡೋಣ ಅಂತ ಸುಮ್ನೆ ಬಂದಿದ್ದೆ. ಈಗ ಆರುತ್ತಲೇ ಇಲ್ಲ.

ತಕ್ಷಣ ಆಫ್ ಮಾಡಿದೆ. ಒತ್ತಡ ನಿಜವಾಗಿ ಹೋಗಿದ್ದರೆ ಬೇರಿಂಗಿಗೆ ಎಣ್ಣೆ ಸಿಗುವುದಿಲ್ಲ. ಎಂಜಿನ್ ಸೀಜ್ ಆಗಲು, ಅಂದರೆ ಒಳಗೇ ಹಿಡಿದುಕೊಂಡು ನಿಲ್ಲಲು, ಹೆಚ್ಚು ಹೊತ್ತು ಬೇಡ.

ಓಮ್ನಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಚಿಕ್ಕಪ್ಪನಿಗೆ ಕೊಡೆ ಕೊಟ್ಟು ಕೆಳಗಿಳಿಸಿ ಸೀಟು ಎತ್ತಿದೆ. ಡಿಪ್‌ಸ್ಟಿಕ್ ಒರೆಸಿ ಅದ್ದಿ ನೋಡಿದರೆ ಆಯಿಲ್ ಮೇಲಿನ ಗೆರೆಯ ಹತ್ತಿರವೇ ಇತ್ತು. ಸೋರಿಕೆ ಇಲ್ಲ. ಬರುವಾಗ ಎಂಜಿನ್ ಕಟಕಟ ಅಂದಿರಲೂ ಇಲ್ಲ.

ಈ ದೀಪದ ಲೆಕ್ಕ ಬಹಳ ಸರಳ. ಸ್ವಿಚ್ಚಿಗೆ ಬರುವುದು ಒಂದೇ ವೈರು. ಇನ್ನೊಂದು ಕಡೆ ಎಂಜಿನ್ನಿನ ಬಾಡಿಯೇ ಅರ್ತ್. ಒತ್ತಡ ಇಲ್ಲದಾಗ ಸ್ವಿಚ್ ಒಳಗೆ ಕೂಡಿಕೊಂಡಿರುತ್ತದೆ, ದೀಪ ಉರಿಯುತ್ತದೆ. ಒತ್ತಡ ಬಂದರೆ ಬಿಡಿಸಿಕೊಳ್ಳುತ್ತದೆ, ದೀಪ ಆರುತ್ತದೆ. ಅಂದರೆ ಆ ವೈರು ದಾರಿಯಲ್ಲಿ ಎಲ್ಲಾದರೂ ಕಬ್ಬಿಣಕ್ಕೆ ತಾಗಿದರೂ ದೀಪಕ್ಕೆ ಎರಡೂ ಒಂದೇ!

ಇಗ್ನಿಷನ್ ಮಾತ್ರ ಆನ್ ಮಾಡಿ ಸ್ವಿಚ್ಚಿನ ವೈರು ಕಿತ್ತೆ. ದೀಪ ಆರಬೇಕಿತ್ತು. ಆರಲಿಲ್ಲ. ಯಾವುದಕ್ಕೂ ಸೇರದ ವೈರು, ಆದರೂ ದೀಪ ಉರಿಯುತ್ತಿದೆ. ನನಗೆ ಖುಷಿಯೇ ಆಯ್ತು ಅನ್ನಿ.

ಚಿಕ್ಕಪ್ಪನನ್ನು ಡ್ಯಾಶ್‌ಬೋರ್ಡ್ ನೋಡಲು ನಿಲ್ಲಿಸಿದೆ. ನಾನು ವೈರನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತಾ ಹೋದೆ.

"ಇಲ್ಲ... ಇಲ್ಲ... ಹತ್ತೇ ಇದೆ... ಏ ಆರ್ತು! ಆರ್ತು ಮಾರಾಯ! ಥೂ, ಮತ್ತೆ ಹತ್ತಿತು."

ಒಂದು ತಗಡಿನ ಪಟ್ಟಿಯ ಅಂಚಿಗೆ ವೈರು ಉಜ್ಜಿ ಉಜ್ಜಿ, ಅಕ್ಕಿ ಕಾಳಿನಷ್ಟು ಉದ್ದ ಸಿಪ್ಪೆ ಹೋಗಿತ್ತು. ಒಳಗಿನ ತಾಮ್ರ ಹಸಿರು ಹಿಡಿದಿತ್ತು. ಕ್ಲಿಪ್ ಇರಬೇಕಾದ ಜಾಗದಲ್ಲಿ ತೂತು ಮಾತ್ರ ಇತ್ತು. ಯಾರು ಯಾವಾಗ ಬಿಚ್ಚಿ ಹಾಕದೆ ಬಿಟ್ಟರೋ. ಗಾಡಿಯಲ್ಲಿ ಟೇಪ್ ಇರಲಿಲ್ಲ. ಚಿಕ್ಕಪ್ಪ ಪ್ಲಾಸ್ಟಿಕ್ ಕವರ್ ಹರಿದು ಕೊಟ್ಟರು. ಅದನ್ನೇ ಸುತ್ತಿ, ಮೂಟೆಯ ಸುತಳಿಯಿಂದ ವೈರನ್ನು ಪಟ್ಟಿಯಿಂದ ದೂರಕ್ಕೆ ಕಟ್ಟಿದೆ. ವೈರಿನ ತುದಿ ಬಾಡಿಗೆ ಮುಟ್ಟಿಸಿದೆ, ಹತ್ತಿತು. ಬಿಟ್ಟೆ, ಆರಿತು. ಸ್ವಿಚ್ಚಿಗೆ ಸಿಕ್ಕಿಸಿ ಸ್ಟಾರ್ಟ್ ಮಾಡಿದಾಗ ದೀಪ ಒಂದು ಕ್ಷಣ ಇದ್ದು ಹೋಯಿತು.

ಅಷ್ಟಕ್ಕೇ ನಂಬಿ ಬಿಡುವ ಹಾಗಿರಲಿಲ್ಲ. ವೈರು ಕೆಟ್ಟಿತ್ತು ಅಂದ ಮಾತ್ರಕ್ಕೆ ಪಂಪ್ ಸರಿ ಇದೆ ಅಂತ ಆಗೋದಿಲ್ಲ ಅಲ್ವಾ? ಮಾರನೇ ದಿನ ಬೇರೆ ಮೆಕ್ಯಾನಿಕ್ ಹತ್ತಿರ ಸ್ವಿಚ್ ಬಿಚ್ಚಿಸಿ, ಅದು ಇದ್ದ ತೂತಿಗೆ ಒತ್ತಡ ಅಳೆಯುವ ಗೇಜ್ ಹಾಕಿಸಿದೆ. ರೇಸ್ ಮಾಡಿದಾಗ ಮುಳ್ಳು ಮೂರು ಕೆಜಿ ದಾಟಿತು. ಪಂಪ್ ಸರಿಯಾಗೇ ಇತ್ತು. ವೈರಿಗೆ ಹೊಸ ಸ್ಲೀವ್, ಹೊಸ ಕ್ಲಿಪ್. ಎಲ್ಲಾ ಸೇರಿ 350 ರೂಪಾಯಿ.

ಅವರೇ ಇನ್ನೊಂದು ಮಾತು ಹೇಳಿದರು. ವೈರು ಕಬ್ಬಿಣಕ್ಕೆ ತಾಗಿದರೆ ದೀಪ ಸುಳ್ಳು ಹೇಳಿ ಹೆದರಿಸುತ್ತದೆ, ಅಷ್ಟೇ. ಅದೇ ವೈರು ತುಂಡಾದರೆ ದೀಪ ಹತ್ತುವುದೇ ಇಲ್ಲ, ಆಯಿಲ್ ಪೂರಾ ಖಾಲಿಯಾದರೂ. ಆದ್ದರಿಂದ ಕೀಲಿ ತಿರುಗಿಸಿದಾಗ, ಸ್ಟಾರ್ಟ್ ಮಾಡುವ ಮೊದಲು, ಅದು ಹತ್ತಿದೆಯಾ ಅಂತ ನೋಡಬೇಕು.

ನಾನು ಅವಸರದಲ್ಲಿ ಮರೆಯುತ್ತೇನೆ. ಚಿಕ್ಕಪ್ಪ ಮರೆಯುವುದಿಲ್ಲ. ಪಕ್ಕದ ಸೀಟಿನಿಂದ ಕತ್ತು ಚಾಚಿ, ನನ್ನ ಕೈ ಹಿಡಿದು ನಿಲ್ಲಿಸುತ್ತಾರೆ. "ತಡಿಯೋ, ನಾನಿನ್ನೂ ನೋಡ್ಲಿಲ್ಲ."