ಜಾತ್ರೆ ಒಂಟೆಗೆ ಏನು ತಿನ್ನಿಸ್ತಾರೆ?

ನಮ್ಮ ಬೀದರ್ ಕಡೆ ಒಂಟೆ ಅಂದ್ರೆ ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಹಾಕುವ ಪ್ರಾಣಿ, ಅಷ್ಟೇ. ಈ ಸಲ ಒಂದನ್ನು ಹತ್ತಿರದಿಂದ ನೋಡಿದೆ. ತೊಡೆ ಹತ್ತಿರ ಕೂದಲು ಉದುರಿತ್ತು, ಚರ್ಮ ಒರಟಾಗಿತ್ತು, ಕಟ್ಟಿದ ಹಗ್ಗವನ್ನೇ ಅಗಿಯುತ್ತಿತ್ತು.

ಕಜ್ಜಿ ಅಂದ್ರು ಪಕ್ಕದವರು. ಇರಬಹುದು, ಒಂಟೆಗೆ ಕಜ್ಜಿ ಬರೋದು ಜಾಸ್ತಿನೇ. ಆದ್ರೆ ಸತು ಕಮ್ಮಿಯಾದ್ರೂ ಚರ್ಮ ಹೀಗೆ ಕೆಡುತ್ತೆ, ರಂಜಕ (ಫಾಸ್ಫರಸ್) ಕಮ್ಮಿಯಾದ್ರೆ ಮೂಳೆ, ಬಟ್ಟೆ ಕಚ್ಚುವ ಚಟ ಹತ್ತುತ್ತೆ. ಮರುಭೂಮಿಯಲ್ಲಿ ಅದು ಹತ್ತಾರು ಬಗೆಯ ಗಿಡ ಮೇಯುತ್ತೆ, ಉಪ್ಪಿನಂಶದವೂ ಇರುತ್ತವೆ. ಇಲ್ಲಿ ಸಿಗೋದು ಜೋಳದ ಕಣಿಕೆ, ತೊಗರಿ ಹೊಟ್ಟು. ಹೊಟ್ಟೆ ತುಂಬುತ್ತೆ, ಅಷ್ಟೇ ಅಲ್ವಾ?

ತಾಮ್ರದ್ದು ಇನ್ನೂ ದೊಡ್ಡ ತಲೆನೋವು. ಮೇವಿನಲ್ಲಿ ತಾಮ್ರ ಇದ್ದರೂ, ಮಾಲಿಬ್ಡಿನಂ ಅನ್ನೋ ಲೋಹ ಮತ್ತು ಗಂಧಕ ಜಾಸ್ತಿ ಇದ್ದರೆ ಅವು ಹೊಟ್ಟೆಯಲ್ಲೇ ಅದನ್ನು ಕಟ್ಟಿಹಾಕುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಆಮೇಲೆ ರಕ್ತಹೀನತೆ, ಹುಟ್ಟಿದ ಮರಿಯ ಹಿಂಗಾಲು ತೂರಾಡೋದು. ಒಂಟೆ ಗಬ್ಬ ಸುಮಾರು 13 ತಿಂಗಳು. ಮರಿಯ ಲಿವರ್‌ಗೆ ತಾಮ್ರ ತುಂಬಬೇಕಾದದ್ದು ಆಗಲೇ, ಯಾಕಂದ್ರೆ ಹಾಲಿನಲ್ಲಿ ಅದು ಬಹಳ ಕಮ್ಮಿ.

ಹಾಗಂತ ದನದ ಖನಿಜ ಪುಡಿ ಸುಮ್ನೆ ಸುರಿಯಬೇಡಿ. ಅದರಲ್ಲಿ ಇರಬಹುದಾದ ಸೆಲೆನಿಯಂ ಅನ್ನೋ ಖನಿಜ ಜಾಸ್ತಿಯಾದ್ರೆ ಒಂಟೆ ದನಕ್ಕಿಂತ ಬೇಗ ಸೋಲುತ್ತೆ, ಕೂದಲೂ ಉದುರುತ್ತೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಪಶುವೈದ್ಯ ವಿಶ್ವವಿದ್ಯಾಲಯ ಬೀದರ್‌ನಲ್ಲೇ ಇದೆ, ಕೇಳೋಕೆ ಏನು ಕಷ್ಟ? ಉಪ್ಪು ಮಾತ್ರ ಈಗಲೇ ಮುಂದಿಡಬಹುದು, ಪಕ್ಕದಲ್ಲಿ ಬೇಕಾದಷ್ಟು ನೀರೂ ಇರಲಿ. ಒಂಟೆಗೆ ಉಪ್ಪು ದನಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೇಕು.