ಚಿತ್ರವನ್ನೂ ಓದಿಸುವ ಪುಸ್ತಕಗಳು

ಬೇಸಿಗೆ ರಜೆಗೆಂದು ಮೈಸೂರಿನ ನಮ್ಮ ಮನೆಗೆ ಬಂದಿದ್ದ ಅಣ್ಣನ ಮಗ, ಹನ್ನೊಂದು ವರ್ಷದವನು, ಬೆಳಗಿನ ತಿಂಡಿ ಮುಗಿಸಿ ಕೈಗೆತ್ತಿಕೊಂಡ ಗ್ರಾಫಿಕ್ ಕಾದಂಬರಿಯನ್ನು, ಅಂದರೆ ಚಿತ್ರಗಳ ಸಾಲಿನಲ್ಲೇ ಕಥೆ ಹೇಳುವ ಪುಸ್ತಕವನ್ನು, ಊಟಕ್ಕೆ ಕರೆಯುವಷ್ಟರಲ್ಲಿ ಓದಿ ಮುಗಿಸಿದ್ದ. ಐನೂರು ರೂಪಾಯಿಯ ಪುಸ್ತಕ ಅರ್ಧ ದಿನವೂ ಬಾಳಲಿಲ್ಲವಲ್ಲ, ಇದರ ಬದಲು ಅಕ್ಷರ ತುಂಬಿದ ಪುಸ್ತಕವನ್ನೇ ಕೊಡಿಸಬಹುದಿತ್ತಲ್ಲ ಎಂದು ಅಣ್ಣ ಗೊಣಗಿದ. ಅದೇ ಪುಸ್ತಕವನ್ನು ಹುಡುಗ ಆ ವಾರದಲ್ಲಿ ಇನ್ನೂ ಮೂರು ಬಾರಿ ಓದಿದ್ದನ್ನು ಅಣ್ಣ ಗಮನಿಸಲಿಲ್ಲ. ಗಮನಿಸಿದ್ದರೂ, ಓದಿದ್ದನ್ನೇ ಓದುವುದೇಕೆ ಎಂದು ಕೇಳುತ್ತಿದ್ದನೇನೋ. ನಾಲ್ಕನೆಯ ತರಗತಿ ದಾಟಿದ ಮಗು ಇನ್ನೂ ಬೊಂಬೆ ಪುಸ್ತಕ ಹಿಡಿದಿದೆಯೆಂದರೆ ನಮ್ಮಲ್ಲಿ ಅನೇಕ ಪೋಷಕರಿಗೆ ಅದೊಂದು ಹಿಂಜರಿತದಂತೆ ಕಾಣಿಸುತ್ತದೆ. ಕಳೆದ ಎರಡು ವರ್ಷಗಳಿಂದ ಅವನಿಗೂ ಆರು ವರ್ಷದ ನನ್ನ ಮಗಳಿಗೂ ಇಂಥ ಪುಸ್ತಕಗಳನ್ನು ಹುಡುಕಿ ತಂದು ಜೊತೆಯಲ್ಲಿ ಕುಳಿತು ಓದಿರುವ ಧೈರ್ಯದ ಮೇಲೆ, ನನಗೆ ಒಳ್ಳೆಯವೆಂದು ತೋರಿದ ಕೆಲವನ್ನು ಇಲ್ಲಿ ಹೇಳುತ್ತಿದ್ದೇನೆ.

ಅಂಗಡಿಯಲ್ಲಿ ನಿಂತು ಚಿತ್ರಪುಸ್ತಕವನ್ನು ಆರಿಸುವಾಗ ನಾನು ಒಂದು ಸರಳ ಪರೀಕ್ಷೆ ಮಾಡುತ್ತೇನೆ. ಚಿತ್ರದ ಮೇಲೆ ಅಂಗೈ ಮುಚ್ಚಿ ಬರಹವನ್ನಷ್ಟೇ ಓದುತ್ತೇನೆ. ಕಥೆ ಏನೂ ಕಡಿಮೆಯಾಗದೆ ಪೂರ್ತಿ ತಿಳಿದುಬಿಟ್ಟರೆ ಆ ಚಿತ್ರ ಅಲಂಕಾರಕ್ಕೆ ಇರುವುದೆಂದು ಪುಸ್ತಕವನ್ನು ಮತ್ತೆ ಕಪಾಟಿಗೆ ಸೇರಿಸುತ್ತೇನೆ. ಬರಹ ಹೇಳದೆ ಬಿಟ್ಟದ್ದನ್ನು ಚಿತ್ರ ಹೇಳುತ್ತಿದ್ದರೆ, ಅಥವಾ ಬರಹಕ್ಕೆ ವಿರುದ್ಧವಾದದ್ದನ್ನೇ ಹೇಳುತ್ತಿದ್ದರೆ, ಅಂಥದ್ದನ್ನು ಮನೆಗೆ ತರುತ್ತೇನೆ.

ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಗೆದ್ದದ್ದು ಆಂಡ್ರಿಯಾ ವಾಂಗ್ ಬರೆದು ಜೇಸನ್ ಚಿನ್ ಚಿತ್ರಿಸಿರುವ, 2021ರಲ್ಲಿ ಬಂದ 'ವಾಟರ್‌ಕ್ರೆಸ್'. ಚೀನಾದಿಂದ ಅಮೆರಿಕದ ಒಹಾಯೊಗೆ ಬಂದು ನೆಲೆಸಿದ ತಂದೆತಾಯಿ ಹಳೆಯ ಕಾರಿನಲ್ಲಿ ಹೋಗುತ್ತಿರುವಾಗ ರಸ್ತೆಬದಿಯ ನೀರಿನಲ್ಲಿ ಬೆಳೆದ ಒಂದು ಸೊಪ್ಪನ್ನು ಕಂಡು ಕಾರು ನಿಲ್ಲಿಸುತ್ತಾರೆ, ಮಕ್ಕಳನ್ನೂ ಕೆಸರಿಗಿಳಿಸಿ ಸೊಪ್ಪು ಕೀಳಿಸುತ್ತಾರೆ. ಪರಿಚಯದವರು ಯಾರಾದರೂ ನೋಡಿಬಿಟ್ಟರೆ ಎಂದು ಮಗಳಿಗೆ ನಾಚಿಕೆ; ರಾತ್ರಿ ಊಟದಲ್ಲಿ ಆ ಸೊಪ್ಪನ್ನು ಮುಟ್ಟಲೂ ಒಲ್ಲಳು. ಆಗ ತಾಯಿ ತನ್ನ ಬಾಲ್ಯದ ಬರಗಾಲದ ಮಾತೆತ್ತುತ್ತಾಳೆ. ಬರಹ ಅಲ್ಲಿ ಹೆಚ್ಚು ಹೇಳುವುದಿಲ್ಲ. ಚಿತ್ರದಲ್ಲಿ ಮೊದಲು ಒಂದು ಬಡ ಕುಟುಂಬ ಊಟಕ್ಕೆ ಕುಳಿತಿದೆ, ಆಮೇಲೆ ಅದೇ ಕುಟುಂಬದಲ್ಲಿ ತಾಯಿಯ ಪುಟ್ಟ ತಮ್ಮ ಕೂರುತ್ತಿದ್ದ ಜಾಗ ಖಾಲಿಯಾಗಿದೆ. ನನ್ನ ಮಗಳು ಎರಡು ಚಿತ್ರಗಳ ನಡುವೆ ಬೆರಳಾಡಿಸಿ, "ಅಮ್ಮಾ, ಇಲ್ಲಿದ್ದ ಪಾಪು ಎಲ್ಲಿ ಹೋಯ್ತು?" ಎಂದು ಕೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಒಹಾಯೊದ ಜೋಳದ ದಂಟುಗಳು ಅದೇ ಹರವಿನಲ್ಲಿ ಚೀನಾದ ಬಿದಿರಾಗಿ ಮಾರ್ಪಡುವಂತೆ ಚಿನ್ ಬರೆದಿರುವ ಜಲವರ್ಣದ ಪುಟವೊಂದಿದೆ. ನೆನಪು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮಗುವಿಗೆ ಅದಕ್ಕಿಂತ ಚೆನ್ನಾಗಿ ತೋರಿಸಿದ ಪುಟವನ್ನು ನಾನು ಕಂಡಿಲ್ಲ. ಚಿತ್ರಪುಸ್ತಕಗಳ ಚಿತ್ರಕಾರರಿಗೆ ಅಮೆರಿಕದ ಗ್ರಂಥಾಲಯ ಸಂಘ 1938ರಿಂದ ಕೊಡುತ್ತಿರುವ ಕ್ಯಾಲ್ಡೆಕಾಟ್ ಪದಕ 2022ರಲ್ಲಿ ಈ ಪುಸ್ತಕಕ್ಕೆ ಬಂತು. ವಾಟರ್‌ಕ್ರೆಸ್ ಎಂಬ ಸೊಪ್ಪು ನಮಗೆ ಪರಿಚಯವಿಲ್ಲದಿದ್ದರೂ ಓದಿಗೆ ಅದು ಅಡ್ಡಿಯಾಗಲಿಲ್ಲ. ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಕಿತ್ತು ಮಡಿಲಿಗೆ ತುಂಬಿಕೊಳ್ಳುತ್ತಿದ್ದ ನನ್ನ ಅಜ್ಜಿಯ ಪಕ್ಕದಲ್ಲಿ, ಬಸ್ಸಿನಲ್ಲಿ ಹೋಗುವವರು ನೋಡುತ್ತಾರೆಂದು ಮುಖ ತಿರುಗಿಸಿ ನಿಂತಿದ್ದ ಹುಡುಗಿ ನಾನೇ ಆಗಿದ್ದೆ.

ವಷ್ಟಿ ಹ್ಯಾರಿಸನ್ ಅವರ 'ಬಿಗ್' 2023ರದು. ಮರುವರ್ಷ ಕ್ಯಾಲ್ಡೆಕಾಟ್ ಪದಕ ಪಡೆದ ಈ ಪುಸ್ತಕದಿಂದ ಆ ಪದಕ ಮೊದಲ ಬಾರಿಗೆ ಒಬ್ಬ ಕಪ್ಪು ಮಹಿಳೆಯ ಕೈಸೇರಿತು. ಹೆಚ್ಚು ಮಾತಿಲ್ಲದ ಕಥೆ ಇದು. ಮಗುವಾಗಿದ್ದಾಗ 'ಬಿಗ್ ಗರ್ಲ್' ಎಂದರೆ ಹೊಗಳಿಕೆಯಾಗಿದ್ದದ್ದು, ಹುಡುಗಿ ಬೆಳೆದಂತೆ, ಅದೂ ಒಮ್ಮೆ ಆಟದ ಮೈದಾನದ ಉಯ್ಯಾಲೆಯಲ್ಲಿ ಸಿಕ್ಕಿಕೊಂಡ ಮೇಲೆ, ಅದೇ ಮಾತು ಚುಚ್ಚುವ ಮಾತಾಗುತ್ತದೆ. ಆಮೇಲೆ ಅವಳ ಚಿತ್ರ ಪುಟದಿಂದ ಪುಟಕ್ಕೆ ದೊಡ್ಡದಾಗುತ್ತಾ ಪುಟದ ಅಂಚಿಗೇ ಒತ್ತಿಕೊಂಡು ಉಸಿರುಗಟ್ಟುವಂತಾಗಿ, ಕೊನೆಗೆ ಮಡಿಸಿಟ್ಟ ಪುಟಗಳು ಎರಡೂ ಕಡೆಗೆ ತೆರೆದುಕೊಂಡು ಅವಳಿಗೆ ಜಾಗ ಮಾಡಿಕೊಡುತ್ತವೆ. ತನಗೆ ನೋವು ಮಾಡಿದ ಮಾತುಗಳನ್ನು ಹುಡುಗಿ ಆಯ್ದು ಹೇಳಿದವರಿಗೇ ಹಿಂದಿರುಗಿಸುತ್ತಾಳೆ. ಇದನ್ನು ಕನ್ನಡದಲ್ಲಿ ಹೇಳಿ ಓದಲು ಹೊರಟಾಗ ನಾನು ಮೊದಲ ಪುಟದಲ್ಲೇ ತೊಡಕಿಗೆ ಸಿಕ್ಕಿಕೊಂಡೆ. ಇಂಗ್ಲಿಷಿನ ಆ ಒಂದೇ ಪದ ವಯಸ್ಸನ್ನೂ ಗಾತ್ರವನ್ನೂ ಹೊರುತ್ತದೆ. ನಮ್ಮಲ್ಲಿ 'ಜಾಣೆ, ದೊಡ್ಡವಳಾದೆ' ಎಂಬ ಹೊಗಳಿಕೆ ಬೇರೆ, ದಪ್ಪ ಎಂಬ ಮಾತು ಬೇರೆ, ಅಲ್ಲದೆ 'ದೊಡ್ಡವಳಾದಳು' ಎಂಬುದಕ್ಕೆ ಹೆಣ್ಣುಮಕ್ಕಳ ವಿಷಯದಲ್ಲಿ ಇರುವ ಮೂರನೆಯ ಅರ್ಥ ಎಲ್ಲರಿಗೂ ಗೊತ್ತು. ಕೊನೆಗೆ 'ಡುಮ್ಮಿ' ಎಂಬ ಪದ ನೆನಪಾಯಿತು. ಕಂಕುಳಲ್ಲಿರುವ ಮಗುವಿಗೆ ಮುದ್ದಾಗಿಯೂ ಶಾಲೆಗೆ ಹೋಗುವ ಹುಡುಗಿಗೆ ಮುಳ್ಳಾಗಿಯೂ ನಾವು ಆಡುವುದು ಅದೇ ಪದವನ್ನಲ್ಲವೇ. ಅದನ್ನು ಇಟ್ಟುಕೊಂಡು ಓದಿದ ಮೇಲೆ ಕಥೆ ಕನ್ನಡದಲ್ಲಿ ಸಲೀಸಾಗಿ ನಡೆಯಿತು.

ಇನ್ನೂ ಚಿಕ್ಕ ಮಕ್ಕಳಿಗಾದರೆ ಡಗ್ ಸಲಾಟಿ ಅವರ 'ಹಾಟ್ ಡಾಗ್' ಸಾಕು. ನ್ಯೂಯಾರ್ಕಿನ ಬೇಸಿಗೆಯಲ್ಲಿ ಬೆಂದು ರಸ್ತೆಯ ನಡುವೆಯೇ ಮುಷ್ಕರ ಹೂಡುವ ಒಂದು ನಾಯಿ, ಅದನ್ನು ಸಮುದ್ರತೀರಕ್ಕೆ ಕರೆದೊಯ್ಯುವ ಅದರ ಒಡತಿ, ಇಷ್ಟೇ ಕಥೆ. ನಗರದ ಪುಟಗಳಲ್ಲಿ ಇಕ್ಕಟ್ಟಾದ ಚೌಕಗಳು, ಕಡಲು ಬಂದೊಡನೆ ಪುಟದ ತುಂಬ ಗಾಳಿ. ಮಾತೇ ಇಲ್ಲದ ಪುಸ್ತಕ ಬೇಕೆನ್ನುವವರಿಗೆ ಚೆನ್ನೈನ ತೂಲಿಕಾ ಪ್ರಕಾಶನದ, ಪ್ರಿಯಾ ಕುರಿಯನ್ ಅವರ 'ಅಮ್ಮಚ್ಚಿಸ್ ಗ್ಲಾಸಸ್' ಇದೆ. ಕನ್ನಡಕ ಕಾಣದೆ ಒಂದನ್ನು ಇನ್ನೊಂದೆಂದು ತಿಳಿದು ಮನೆಯಲ್ಲೆಲ್ಲ ಎಡವಟ್ಟು ಮಾಡುವ ಅಜ್ಜಿಯನ್ನು ನೋಡಿ ನನ್ನ ಮಗಳು ನಕ್ಕದ್ದಕ್ಕಿಂತ ಹೆಚ್ಚಾಗಿ ನನ್ನ ಅತ್ತೆಯವರು ನಕ್ಕರು. ಅಕ್ಷರ ಬಾರದವರೂ ಬರುವವರೂ ಒಂದೇ ಪುಸ್ತಕವನ್ನು ಸರಿಸಮವಾಗಿ ಓದಬಹುದೆಂಬುದು ಇಂಥವುಗಳ ಲಾಭ.

ಗ್ರಾಫಿಕ್ ಕಾದಂಬರಿಗಳಲ್ಲಿ ಮೊದಲು ಹೇಳಬೇಕಾದ್ದು ತೀರಾ ಹೊಸದಲ್ಲ. ಸೀಸಿ ಬೆಲ್ ಅವರ 'ಎಲ್ ಡೆಫೋ' 2014ರಲ್ಲಿ ಬಂತು. ನಾಲ್ಕನೆಯ ವಯಸ್ಸಿನಲ್ಲಿ ಮಿದುಳು ಪೊರೆಯ ಉರಿಯೂತದಿಂದ ಶ್ರವಣಶಕ್ತಿ ಕಳೆದುಕೊಂಡ ಲೇಖಕಿ ತಮ್ಮದೇ ಬಾಲ್ಯವನ್ನು ಮೊಲಗಳ ರೂಪದಲ್ಲಿ ಬರೆದಿದ್ದಾರೆ. "ಅತ್ತೆ, ಇಲ್ಲಿ ಪ್ರಿಂಟ್ ಸರಿಯಾಗಿ ಬಂದಿಲ್ಲ" ಎಂದು ಅಣ್ಣನ ಮಗ ಪುಸ್ತಕ ಹಿಡಿದುಕೊಂಡು ಬಂದ. ಮಾತಿನ ಗುಳ್ಳೆಯೊಳಗಿನ ಅಕ್ಷರಗಳು ಮಾಸುತ್ತಾ ಹೋಗಿದ್ದವು. ಶ್ರವಣಯಂತ್ರದ ಬ್ಯಾಟರಿ ಮುಗಿಯುತ್ತಿದೆಯೆಂದು ನಾನು ಹೇಳಲು ಬಾಯಿ ತೆರೆಯುವ ಮೊದಲೇ ಅವನಿಗೆ ಅರ್ಥವಾಗಿ, "ಓ, ಅವಳಿಗೆ ಕೇಳಿಸ್ತಿಲ್ಲ!" ಎಂದು ಅಲ್ಲಿಯೇ ಕುಳಿತುಬಿಟ್ಟ. ಅಕ್ಷರವಷ್ಟೇ ಇರುವ ಪುಸ್ತಕ ಇದನ್ನು ವಿವರಿಸಬಹುದಿತ್ತು. ಓದುಗನನ್ನೇ ಕಿವುಡನನ್ನಾಗಿ ಮಾಡುವುದು ಅದಕ್ಕೆ ಸುಲಭವಿರಲಿಲ್ಲ.

ಜೆರ್ರಿ ಕ್ರಾಫ್ಟ್ ಅವರ 'ನ್ಯೂ ಕಿಡ್' ಪುಸ್ತಕವು 2020ರಲ್ಲಿ ಮಕ್ಕಳ ಸಾಹಿತ್ಯಕ್ಕೆ ಅಮೆರಿಕದಲ್ಲಿ ಕೊಡುವ ನ್ಯೂಬೆರಿ ಪದಕ ಪಡೆದಾಗ, 1922ರಿಂದ ನಡೆದುಬಂದಿರುವ ಆ ಪ್ರಶಸ್ತಿಯನ್ನು ಗೆದ್ದ ಮೊದಲ ಗ್ರಾಫಿಕ್ ಕಾದಂಬರಿ ಎನಿಸಿತು. ಚಿತ್ರ ಬರೆಯುವ ಆಸೆಯ ಜೋರ್ಡನ್ ಎಂಬ ಕಪ್ಪು ಹುಡುಗ ಶ್ರೀಮಂತರ ಖಾಸಗಿ ಶಾಲೆಗೆ ಸೇರುತ್ತಾನೆ. ಕಪ್ಪು ಹುಡುಗರನ್ನು ಅಲ್ಲಿನ ಶಿಕ್ಷಕಿಯೊಬ್ಬರು ಬೇರೆಯವರ ಹೆಸರಿನಿಂದ ಕರೆಯುವಂಥ ಸಣ್ಣ ಸಣ್ಣ ಅವಮಾನಗಳನ್ನು ಲೇಖಕರು ನಗಿಸುತ್ತಲೇ ದಾಖಲಿಸುತ್ತಾರೆ. ಅಮೆರಿಕದ ಸಂದರ್ಭ ಕೆಲವೆಡೆ ವಿವರಣೆ ಬೇಡುತ್ತದೆ, ಜೊತೆಯಲ್ಲಿ ಕುಳಿತು ಓದುವುದು ಒಳ್ಳೆಯದು.

ಅಣ್ಣನ ಮಗ ನಾಲ್ಕು ಬಾರಿ ಓದಿದ್ದು 'ವೆನ್ ಸ್ಟಾರ್ಸ್ ಆರ್ ಸ್ಕ್ಯಾಟರ್ಡ್' ಎಂಬ ಪುಸ್ತಕವನ್ನು. ಸೊಮಾಲಿಯಾದ ಯುದ್ಧದಿಂದ ತಪ್ಪಿಸಿಕೊಂಡು ಕೆನ್ಯಾದ ದಾದಾಬ್ ನಿರಾಶ್ರಿತರ ಶಿಬಿರದಲ್ಲಿ ಬೆಳೆದ ಒಮರ್ ಮೊಹಮದ್ ಹೇಳಿದ ತಮ್ಮ ಬದುಕಿನ ಕಥೆಯನ್ನು ವಿಕ್ಟೋರಿಯಾ ಜೇಮಿಸನ್ ಚಿತ್ರಗಳಲ್ಲಿ ಬರೆದಿದ್ದಾರೆ. ಒಮರನ ತಮ್ಮ ಹಸನ್‌ಗೆ ಫಿಟ್ಸ್ ಬರುತ್ತದೆ, ಅವನ ಬಾಯಲ್ಲಿ ಬರುವುದು 'ಹೂಯೋ' ಎಂಬ ಒಂದೇ ಪದ. ಸೊಮಾಲಿಯಲ್ಲಿ ಅದಕ್ಕೆ ಅಮ್ಮ ಎಂದರ್ಥ, ಆ ಅಮ್ಮನಾದರೋ ಎಲ್ಲಿದ್ದಾಳೆಂದು ಇಬ್ಬರಿಗೂ ತಿಳಿಯದು. ತಮ್ಮನನ್ನು ಬಿಟ್ಟು ಶಾಲೆಗೆ ಹೋಗಬೇಕೇ ಬೇಡವೇ ಎಂಬ ಒಮರನ ತೊಳಲಾಟ ಹತ್ತು ವರ್ಷ ದಾಟಿದ ಯಾವ ಮಗುವಿಗಾದರೂ ತಟ್ಟುತ್ತದೆ. ಅದಕ್ಕಿಂತ ಚಿಕ್ಕವರಿಗೆ ಅವಸರ ಬೇಡ.

ಇವೆಲ್ಲ ಇಂಗ್ಲಿಷ್ ಪುಸ್ತಕಗಳು, ಕೆಲವು ದುಬಾರಿಯವು ಕೂಡ. ಕನ್ನಡದಲ್ಲಿ ಏನಿದೆ ಎಂಬ ಪ್ರಶ್ನೆಗೆ ನನ್ನ ಉತ್ತರ ಅರ್ಧ ಸಮಾಧಾನದ್ದು. 1965ರಲ್ಲಿ ಅಮರ ಚಿತ್ರ ಕಥೆ ಮೊದಲು ಹೊರಬಂದದ್ದು ಕನ್ನಡದಲ್ಲಿ, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ. ಅಷ್ಟು ಮುಂದಿದ್ದ ಭಾಷೆಯಲ್ಲಿ ಇಂದು ಹತ್ತರಿಂದ ಹದಿಮೂರರ ವಯಸ್ಸಿನವರಿಗಾಗಿ ಕನ್ನಡದಲ್ಲೇ ಹುಟ್ಟಿದ ಗ್ರಾಫಿಕ್ ಕಾದಂಬರಿಯನ್ನು ಹುಡುಕುತ್ತ ಹೋದರೆ ನನ್ನ ಕೈ ಬರಿದಾಗಿಯೇ ಹಿಂದಿರುಗುತ್ತದೆ. ಚಿಕ್ಕವರ ಪಾಲು ಮಾತ್ರ ಚೆನ್ನಾಗಿದೆ. ತೂಲಿಕಾದ ಅನೇಕ ಚಿತ್ರಪುಸ್ತಕಗಳು ಕನ್ನಡದಲ್ಲಿಯೂ ಸಿಗುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಓದಲು ಸಿಗುತ್ತವೆ. ಓದಿನ ಹಂತಕ್ಕೆ ತಕ್ಕಂತೆ ಅವನ್ನು ವಿಂಗಡಿಸಿಟ್ಟಿದ್ದಾರೆ, ಇಳಿಸಿಕೊಂಡು ಮುದ್ರಿಸಿಕೊಳ್ಳಲೂಬಹುದು, ಬೇಕಿದ್ದವರು ತಾವೇ ಅನುವಾದ ಮಾಡಲೂಬಹುದು.

ಅನುವಾದದ ಭಾಷೆಯ ಬಗ್ಗೆ ಒಂದು ತಕರಾರು ಇದ್ದೇ ಇದೆ. ಕೆಲವು ಪುಸ್ತಕಗಳಲ್ಲಿ ಐದು ವರ್ಷದ ಮಗು ಪಠ್ಯಪುಸ್ತಕದ ಪಾಠದಂತೆ ಮಾತನಾಡುತ್ತದೆ. ಕೊಳ್ಳುವ ಮೊದಲು ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಿದರೆ ಅದು ತಕ್ಷಣ ಗೊತ್ತಾಗುತ್ತದೆ. ಕೊಂಡ ಮೇಲೆ ಗೊತ್ತಾದರೆ ನಾವು ಪೆನ್ಸಿಲ್ ಹಿಡಿದು ಕೂರುತ್ತೇವೆ. ನಮ್ಮ ಮನೆಯ ಅಂಥದೊಂದು ಪುಸ್ತಕದಲ್ಲಿ ಮಗು 'ತಾಯಿಯೇ' ಎಂದು ಕೂಗಿದಲ್ಲೆಲ್ಲ ಈಗ ಅದಕ್ಕೆ ಗೆರೆ ಹೊಡೆದು ಮೇಲೆ 'ಅಮ್ಮಾ' ಎಂದು ನನ್ನ ಮಗಳ ಕೋಳಿಕಾಲಿನ ಅಕ್ಷರದಲ್ಲಿ ಬರೆದಿದೆ.